ಕೇಳಿ ತಂದವಳು

ಸೊಸೆ ಎಂಬ ಮಾತಿಗೆ ಎಷ್ಟು ವಯಸ್ಸು ಎಂದು ನನಗೆ ಗೊತ್ತಾದದ್ದು ಮೈಸೂರಿನಲ್ಲಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ನಾರ್‌ಕ್ರಾಸ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ಮರದ ಮೆಟ್ಟಿಲ ಮೇಲೆ ಕೂತಿದ್ದಾಗ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಂಸ್ಕೃತ ಪಾಠ ಮಾಡಿದವಳು ನಾನು. ನನಗೆ ಗೊತ್ತಿಲ್ಲದ್ದನ್ನು ಬೇರೆಯವರು ಹೇಳಿದರೆ ಮೊದಲು ಕೋಪ ಬರುತ್ತದೆ, ಆಮೇಲೆ ನಾಚಿಕೆ, ಅದೂ ಕಳೆದ ಮೇಲೆ ಕುತೂಹಲ. ಆ ವರ್ಷ ಮೂರೂ ಒಟ್ಟಿಗೆ ಬಂದವು.

ತೊಂಬತ್ತರ ದಶಕದ ನಡುವಿನ ಮಾತು. ಮಗಳಿಗೆ ಮೊದಲ ಹೆರಿಗೆ. ಬಾಣಂತನ ಮಾಡಲು ನಾನು ಎರಡು ಸೂಟ್‌ಕೇಸ್ ತುಂಬ ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಬಜೆ, ಸಾಂಬ್ರಾಣಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆಗಳನ್ನು ಹೊತ್ತು ಅಟ್ಲಾಂಟಾದಲ್ಲಿ ಇಳಿದೆ.

"ಕಸ್ಟಮ್ಸ್‌ನಲ್ಲಿ ಓಪನ್ ಮಾಡ್ಸಿದ್ರೆ ಏನ್ ಹೇಳ್ತಿದ್ದೆ ಅಮ್ಮ?" ಎಂದು ಮಗಳು ನಕ್ಕಳು.

"ಔಷಧಿ ಅಂತಿದ್ದೆ. ಸುಳ್ಳಾ?"

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಹಸಿ ಬಾಣಂತಿಗೆ ದೊಡ್ಡ ಲೋಟದ ತುಂಬ ಐಸ್ ನೀರು ಕೊಟ್ಟರು. ನರ್ಸಿನ ಜೊತೆ ಜಗಳಕ್ಕೆ ನಿಂತ ನನ್ನನ್ನು ಅಳಿಯ ಕಾರಿಡಾರಿಗೆ ಕರೆದುಕೊಂಡು ಹೋಗಬೇಕಾಯಿತು. ಮನೆಗೆ ಬಂದ ಮೇಲೆ ನನ್ನದೇ ರಾಜ್ಯಭಾರ. ಕಿಟಕಿಗೆ ಪರದೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಬಿಗಿಯಾಗಿ ಬಟ್ಟೆ, ಊಟಕ್ಕೆ ಮೆಣಸಿನ ಸಾರು. ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಫೋನಿನಲ್ಲೂ ಹೆಚ್ಚು ಮಾತಿಲ್ಲ.

ಆರನೇ ದಿನ ಮಗಳು ಕಾರಣವಿಲ್ಲದೆ ಅಳತೊಡಗಿದಳು. ಮಗುವಿಗೆ ಹಾಲೂಡಿಸುತ್ತಲೇ ಬಿಕ್ಕುತ್ತಿದ್ದಳು.

"ಬಾಣಂತಿ ಅಳಬಾರ್ದು ಕಣೇ, ಹಾಲು ಬತ್ತೋಗುತ್ತೆ," ಎಂದು ಗದರಿದೆ.

ಅವಳು ನಿಲ್ಲಿಸಿದಳು. ಅಳುವನ್ನಷ್ಟೇ ಅಲ್ಲ, ಮಾತನ್ನೂ. ಕೇಳಿದ್ದಕ್ಕೆ ಹೂಂ, ಕೊಟ್ಟದ್ದಕ್ಕೆ ಸಾಕು, ಅಷ್ಟೇ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಆ ಮೌನದೊಳಗೆ ನನ್ನ ಮಗಳು ಮುಳುಗುತ್ತಿದ್ದಳು. ನಾನೋ, ಎಂಥ ಶಾಂತ ಬಾಣಂತಿ ಎಂದು ಮನಸ್ಸಿನಲ್ಲೇ ಹೆಮ್ಮೆ ಪಡುತ್ತಿದ್ದೆ. ಅಳಿಯನಿಗೆ ಅನುಮಾನ ಬಂದಿತ್ತು. "ಅತ್ತೆ, ಇವಳು ಸರಿಯಾಗಿ ಮಾತಾಡ್ತಿಲ್ಲ. ಡಾಕ್ಟರ್‌ಗೆ ಕಾಲ್ ಮಾಡ್ಲಾ?" ಎಂದರು. "ಬಾಣಂತಿ ಅಂದ್ರೆ ಹಾಗೇ ಇರೋದು. ನಿಮಗೆಲ್ಲಿ ಗೊತ್ತಾಗುತ್ತೆ," ಎಂದು ಬಾಯಿ ಮುಚ್ಚಿಸಿದೆ.

ಎಂಟನೇ ದಿನ ಬಾರ್ಬೆಕ್ಯೂಗೆಂದು ಮಾರುವ ಇದ್ದಿಲನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ, ಸಾಂಬ್ರಾಣಿ ಹಾಕಿ, ಮಗುವನ್ನು ಹೊಗೆಗೆ ಹಿಡಿದೆ. ಸ್ಮೋಕ್ ಅಲಾರ್ಮ್ ಕಿವಿ ಕಿತ್ತುಹೋಗುವಂತೆ ಕಿರುಚಿತು. ನಾನು ಮಗುವನ್ನು ಎತ್ತಿಕೊಂಡು ಬಾಗಿಲು ತೆರೆದರೆ, ಎದುರು ಮನೆಯಿಂದ ನನ್ನದೇ ವಯಸ್ಸಿನ ಹೆಂಗಸೊಬ್ಬರು ಏಪ್ರನ್ನಿನಲ್ಲೇ ಓಡಿಬಂದಿದ್ದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಆಕೆ ಬೈಯಲಿಲ್ಲ. ಮೂಗರಳಿಸಿ ಹೊಗೆಯನ್ನು ಎಳೆದುಕೊಂಡು "ಖುಂಕ್" ಎಂದು ಕಣ್ಣು ಮುಚ್ಚಿದರು. ಸಾಂಬ್ರಾಣಿಗೆ ಅವರಲ್ಲಿ ಹಾಗೆನ್ನುತ್ತಾರೆಂದು ಆಮೇಲೆ ತಿಳಿಯಿತು. ನಂತರ ಒಂದು ಸ್ಟೂಲು ತಂದು ಹತ್ತಿ, ಅಲಾರ್ಮಿಗೆ ಅಡುಗೆಮನೆಯ ಟವೆಲಿನಿಂದ ಗಾಳಿ ಬೀಸಿ ಸುಮ್ಮನಾಗಿಸಿದರು. ಇಳಿದು ಬಂದು ಮಗುವನ್ನೂ ನನ್ನನ್ನೂ ನೋಡಿ, ಕೈಬೆರಳು ಬಿಚ್ಚಿ ಮುಚ್ಚಿ ನಾಲ್ಕು ಸಲ ಹತ್ತು ತೋರಿಸಿದರು. ನಲವತ್ತು ದಿನವೇ, ಎಂದು ಕೇಳುತ್ತಿದ್ದರು. ನಾನು ಹೌದೆಂದೆ. "ಕರಾಸೂನ್," ಎಂದರು ಆಕೆ. ಅವರ ಭಾಷೆಯಲ್ಲಿ ನಲವತ್ತು. ಅವರಲ್ಲೂ ಬಾಣಂತಿ, ಮಗು ನಲವತ್ತು ದಿನ ಹೊರಗೆ ಬರುವಂತಿಲ್ಲವಂತೆ.

ಅವರು ಅರ್ಮೇನಿಯಾದವರು. ಯೆರೆವಾನ್ ಎಂಬ ಊರಿನ ಶಾಲೆಯಲ್ಲಿ ತಮ್ಮ ಭಾಷೆಯನ್ನೇ ಕಲಿಸುತ್ತಿದ್ದ ಟೀಚರು. ಮಗಳ ಮನೆಗೆಂದು ಬಂದು ಒಂದು ವರ್ಷವಾಗಿತ್ತು. "ನಮ್ಮ ದೇಶದ ಪಕ್ಕದಲ್ಲೂ ಒಂದು ಜಾರ್ಜಿಯಾ ಇದೆ. ಜಾರ್ಜಿಯಾಕ್ಕೆ ಹೋಗ್ತೀನಿ ಅಂದಾಗ ನನ್ನ ತಂಗಿ, ಹಾಗಾದರೆ ಭಾನುವಾರ ವಾಪಸ್ ಬಾ ಅಂದಳು," ಎಂದು ನಗುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿರಲಿಲ್ಲ, ನನ್ನದರಲ್ಲಿ ವ್ಯಾಕರಣ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಇಬ್ಬರು ಮೇಷ್ಟ್ರುಗಳು ಸೇರಿದರೆ ಪಾಠ ಶುರುವಾಗಲೇಬೇಕು. ಮಗಳು, ಮೊಮ್ಮಗು ಮಲಗಿದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಎರಡು ಮನೆಗಳ ನಡುವಿನ ಮೆಟ್ಟಿಲ ಮೇಲೆ ಕೂರತೊಡಗಿದೆವು. ಪೈನ್ ಮರಗಳ ಹಳದಿ ಪರಾಗ ಉದುರುವ ಕಾಲ. ಕಾರು, ಮೆಟ್ಟಿಲು, ನಮ್ಮ ಚಪ್ಪಲಿ, ಎಲ್ಲದರ ಮೇಲೂ ಯಾರೋ ಅರಿಶಿನ ಚೆಲ್ಲಿದಂತಿರುತ್ತಿತ್ತು.

ಮೊದಲ ದಿನ ಆಕೆ ಕಾಫಿ ಕೊಟ್ಟರು. ಅವರಲ್ಲಿ ಥ್ಯಾಂಕ್ಸಿಗೆ ಏನೆನ್ನುತ್ತೀರಿ ಎಂದೆ. "ಶ್ನೊರ್ಹಾಕಲುತ್ಯುನ್." ಇಷ್ಟುದ್ದ ಹೇಳುವಷ್ಟರಲ್ಲಿ ಕಾಫಿ ಆರಿಹೋಗುತ್ತದಲ್ಲ ಎಂದು ರೇಗಿಸಿದೆ. ಆಕೆ ಬಿಡಿಸಿ ಹೇಳಿದರು: ಶ್ನೊರ್ಹ್ ಅಂದರೆ ಕೃಪೆ, ಕಲ್ ಅಂದರೆ ಹಿಡಿ. ನೀನು ತೋರಿಸಿದ ಕೃಪೆಯನ್ನು ನಾನು ಕೈಯಲ್ಲಿ ಹಿಡಿದುಕೊಂಡಿದ್ದೇನೆ ಎಂದರ್ಥ. ಲೋಟ ಹಿಡಿದ ನನ್ನ ಕೈಯನ್ನೇ ನಾನು ನೋಡಿಕೊಂಡೆ. ಆಮೇಲೆ ರೇಗಿಸಲು ಮನಸ್ಸಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಆಕೆ ಟವೆಲಿನಲ್ಲಿ ಸುತ್ತಿದ ದಪ್ಪ ಪುಸ್ತಕವೊಂದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಅವರ ಭಾಷೆಯ ಪ್ರತಿ ಮಾತಿನ ಬೇರು ಎಲ್ಲಿದೆ ಎಂದು ಹೇಳುವ ನಿಘಂಟಿನ ಒಂದು ಸಂಪುಟ. ಮೂರು ನಾಲ್ಕು ವರ್ಷದ ಹಿಂದೆ, ಯುದ್ಧದ ಚಳಿಗಾಲದಲ್ಲಿ, ಯೆರೆವಾನಿನಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ, ಹೊರಗೆ ಮೊಣಕಾಲುದ್ದ ಹಿಮ. ಮೊದಲು ಕುರ್ಚಿಗಳನ್ನು ಒಲೆಗೆ ಹಾಕಿದರಂತೆ, ನಂತರ ನೆಲದ ಮರದ ಹಲಗೆಗಳನ್ನು ಕಿತ್ತರಂತೆ, ಕೊನೆಗೆ ಪುಸ್ತಕಗಳನ್ನು. ಯಾವುದು ಮೊದಲು, ಯಾವುದು ಆಮೇಲೆ ಎಂದು ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತಿದ್ದರಂತೆ. ಈ ನಿಘಂಟನ್ನು ಮಾತ್ರ ಆಕೆ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿದರು. ಸೂಟ್‌ಕೇಸಿನಲ್ಲಿ ಒಂದೇ ಸಂಪುಟಕ್ಕೆ ಜಾಗವಿತ್ತು, ಅವರ ಹ-ಕಾರದಿಂದ ಶುರುವಾಗುವುದು. ಉಳಿದವು ತಂಗಿಯ ಮನೆಯಲ್ಲಿದ್ದವು.

ಪುಟ ತೆರೆದರು. ಮೊಳೆ, ಕೊಕ್ಕೆ, ಕುಡುಗೋಲುಗಳನ್ನು ಸಾಲಾಗಿ ನೇತುಹಾಕಿದಂಥ ಅಕ್ಷರಗಳು. ಒಂದೂ ಅರ್ಥವಾಗಲಿಲ್ಲ. ಆದರೆ ನಡುನಡುವೆ ರೋಮನ್ ಲಿಪಿಯಲ್ಲಿ, ತಲೆಗೂ ಕಾಲಿಗೂ ಚುಕ್ಕಿ ಇಟ್ಟ ಮಾತುಗಳಿದ್ದವು. ಸಂಸ್ಕೃತವನ್ನು ಹಾಗೆ ಬರೆಯುವುದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ. ಸ್ನುಷಾ.

ಸ್ನುಷಾ ಎಂದರೆ ಸೊಸೆ. ಆ ಮಾತೇ ಸವೆದು ನಮ್ಮ ಬಾಯಲ್ಲಿ ಸೊಸೆಯಾಯಿತೆಂದು ನಾನೇ ವರ್ಷ ವರ್ಷ ತದ್ಭವದ ಪಾಠದಲ್ಲಿ ಬೋರ್ಡಿನ ಮೇಲೆ ಬರೆದಿದ್ದೆ. ಆ ಸಾಲಿನ ಮೊದಲಲ್ಲಿದ್ದ ಅವರ ಮಾತು ಯಾವುದೆಂದು ಕೇಳಿದೆ. "ನು," ಎಂದರು. "ಹಳೆಯ ಮಾತು. ಮಗನ ಹೆಂಡತಿ." ಸ್ನುಷಾದ ನಡುವಿನ ನು-ವನ್ನು ಅವರು ಇಟ್ಟುಕೊಂಡಿದ್ದರು, ಹಿಂದು ಮುಂದಿನ ಸಕಾರಗಳನ್ನು ನಾವು ಇಟ್ಟುಕೊಂಡಿದ್ದೆವು. ಒಂದೇ ಅಂಟಿನುಂಡೆಯನ್ನು ಇಬ್ಬರು ಮುರಿದು ಹಂಚಿಕೊಂಡ ಹಾಗೆ. ಹಾಗಾದರೆ ಸೊಸೆಯ ಅತ್ತೆಗೆ ಏನೆನ್ನುತ್ತೀರಿ ಎಂದೆ. ಅದು ಬೇರೆ ಸಂಪುಟದಲ್ಲಿದೆ ಎನ್ನುತ್ತ ಬಾಯಲ್ಲೇ ಹೇಳಿದರು: "ಸ್ಕೆಸುರ್." ಪುಸ್ತಕ ಬೇಕಾಗಲಿಲ್ಲ. ಸಂಸ್ಕೃತದ ಶ್ವಶ್ರೂ! ನಾನು ಮೆಟ್ಟಿಲ ಮೇಲೆ ಎದ್ದು ನಿಂತು ಅದನ್ನು ಎಷ್ಟು ಜೋರಾಗಿ ಕೂಗಿದೆನೆಂದರೆ ಕೆಳಗೆ ಕಾರು ತೊಳೆಯುತ್ತಿದ್ದವನು ತಲೆಯೆತ್ತಿ ನೋಡಿದ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಬೇಳೆ ಬೇಯಲು ಇಟ್ಟು ಬಂದು ಒಂದು ಪುಟ, ಮಗುವಿಗೆ ಎಣ್ಣೆ ನೀರು ಮುಗಿಸಿ ಬಂದು ಒಂದು ಪುಟ. ನಾಯಿ, ಶುನ್. ನಮ್ಮ ಶುನಕ. ಹಡಗು, ನಾವ್. ನಮ್ಮ ನಾವೆ. ಹೊಸತು, ನೊರ್. ನಮ್ಮ ನವ. ತಾಯಿ, ಮಾಯ್ರ್. ಮಾತೃ. ಮನುಷ್ಯ, ಮಾರ್ದ್, ಮರ್ತ್ಯ, ಅಂದರೆ ಸಾಯುವವನು. ನೂರಾರು ಸಲ ಪಾಠದಲ್ಲಿ ಹೇಳಿದ ಮಾತುಗಳು ಅಪರಿಚಿತರ ಬಾಯಿಂದ, ಬೇರೆ ಅಂಗಿ ತೊಟ್ಟು ಎದುರು ಬಂದು ನಿಲ್ಲುತ್ತಿದ್ದವು.

ನನ್ನ ಹಳೇ ಜಂಬ ತಲೆ ಎತ್ತದೆ ಇದ್ದೀತೆ? "ನೋಡಿ, ಎಲ್ಲಾ ನಮ್ಮ ಸಂಸ್ಕೃತದಿಂದಲೇ ಬಂದದ್ದು," ಎಂದುಬಿಟ್ಟೆ. ಆಕೆ ಪುಸ್ತಕವನ್ನು ಪಟ್ಟನೆ ಮುಚ್ಚಿದರು. ನನ್ನ ಕಡೆ ಒಂದು ಬೆರಳು, ತಮ್ಮ ಕಡೆ ಒಂದು ಬೆರಳು ತೋರಿಸಿ, "ತಾಯಿ ಮಗಳಲ್ಲ. ಅಕ್ಕ ತಂಗಿ," ಎಂದರು. ಹಾಗಾದರೆ ತಾಯಿ ಎಲ್ಲಿ? ಆಕೆ ಭುಜ ಕುಣಿಸಿದರು. ಆ ತಾಯಿಯನ್ನು ಕಂಡವರಿಲ್ಲ. ಅವಳು ಒಂದಕ್ಷರ ಬರೆದಿಟ್ಟು ಹೋಗಲಿಲ್ಲ. ಅವಳ ಹೆಣ್ಣುಮಕ್ಕಳ ಮುಖಗಳನ್ನು ಪಕ್ಕ ಪಕ್ಕ ಇಟ್ಟು, ಮೂಗು ಹೀಗಿದ್ದಿರಬೇಕು, ಕಣ್ಣು ಹೀಗಿದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ ಅಷ್ಟೆ. ಎಷ್ಟೋ ಸಾವಿರ ವರ್ಷದ ಹಿಂದೆ ಯಾವುದೋ ಬಯಲಿನಲ್ಲಿ ಯಾರೋ ಹೆಂಗಸು ಮಗನ ಹೆಂಡತಿಯನ್ನು ಹೊಲದಿಂದ ಕೂಗಿ ಕರೆದ ಆ ದನಿ, ಹಾಳೆಯಿಲ್ಲದೆ, ಕಲ್ಲಿಲ್ಲದೆ, ಬಾಯಿಂದ ಬಾಯಿಗೆ ದಾಟಿ ನಮ್ಮಿಬ್ಬರ ತನಕ ಬಂದಿತ್ತು. ದೇವಸ್ಥಾನಗಳಲ್ಲಿ ನಾನು ಕೈ ಮುಗಿದಿದ್ದೇನೆ. ಆ ಮಧ್ಯಾಹ್ನ ಮನಸ್ಸು ಬಾಗಿದಷ್ಟು ಅಲ್ಲೂ ಬಾಗಿರಲಿಲ್ಲ.

ಅದಕ್ಕಿಂತ ದೊಡ್ಡ ಬೆರಗು ಮಾರನೇ ವಾರಕ್ಕೆ ಕಾದಿತ್ತು. ತಂದೆಗೆ ಅವರು ಹಾಯ್ರ್ ಎನ್ನುತ್ತಾರೆ. ಅದು ಪಿತೃವಿನ ಒಡಹುಟ್ಟು ಎಂದು ಪುಸ್ತಕ ಹೇಳಿದಾಗ ನಾನು ನಂಬಲಿಲ್ಲ. ಪ ಎಲ್ಲಿ ಹೋಯಿತು? "ನಮ್ಮಲ್ಲಿ ಮೊದಲಿನ ಪ, ಹ ಆಯಿತು," ಎಂದರು ಟೀಚರು. ಐದಕ್ಕೆ ಅವರು ಹಿಂಗ್ ಎನ್ನುತ್ತಾರೆ, ಅದೂ ಪಂಚದ ಬಳಗವೇ. ಪ ಹೋಗಿ ಹ! ನಾನು ಬಾಯಿ ತೆರೆದವಳು ತೆರೆದೇ ಇದ್ದೆ. ನಮ್ಮ ಹಳಗನ್ನಡದ ಪಾಲ್ ಹಾಲಾಗಲಿಲ್ಲವೇ? ಪೂ ಹೂವಾಗಲಿಲ್ಲವೇ? ಪುಲಿ ಹುಲಿ, ಪಗಲ್ ಹಗಲು, ಪೆಸರ್ ಹೆಸರು. ಇದನ್ನು ಹತ್ತನೇ ತರಗತಿಗೆ ಉರು ಹೊಡೆಸಿ ಹೊಡೆಸಿ ಗಂಟಲು ಹರಿದುಕೊಂಡವಳು ನಾನು. ಕನ್ನಡ ಆ ಅಕ್ಕತಂಗಿಯರ ಮನೆಯದಲ್ಲ, ಬೇರೆಯದೇ ವಂಶ. ಅವರನ್ನು ನಾವು ಕಂಡಿಲ್ಲ, ನಮ್ಮನ್ನು ಅವರು ಕೇಳಿಲ್ಲ. ಆದರೂ ಮನುಷ್ಯರ ತುಟಿಗಳಿಗೆ ಅಲ್ಲೂ ಇಲ್ಲೂ ಒಂದೇ ರೀತಿಯ ದಣಿವಾಯಿತು. ತುಟಿ ಮುಚ್ಚಿ ಹೇಳುವುದನ್ನು ಬಿಟ್ಟು ಬರೀ ಉಸಿರಿನಿಂದ ಹೇಳಿಬಿಟ್ಟರು. ನಾನು ಪರಾಗದ ಪುಡಿಯಲ್ಲಿ ಬೆರಳಿನಿಂದ ಪ ಬರೆದು, ಪಕ್ಕದಲ್ಲಿ ಹ ಬರೆದು, ಆಕೆಗೆ ತೋರಿಸಿದೆ. ಆಕೆ ತಮ್ಮ ಎರಡು ಅಕ್ಷರಗಳನ್ನು ಕೆಳಗೆ ಬರೆದರು. ಗಾಳಿ ಬಂದು ಅಳಿಸುವ ತನಕ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.

ಒಳಗೆ ಹೋದಾಗ ಮಗಳಿಗೆ ಹೇಳಿದೆ. "ಕೇಳಿದ್ಯೇನೇ? ಅರ್ಮೇನಿಯಾದಲ್ಲೂ ಪ ಹೋಗಿ ಹ ಆಗಿದೆ!"

"ಹೂಂ," ಎಂದಳು. ಮಗು ಅವಳ ಎದೆಯ ಮೇಲಿತ್ತು, ಕಣ್ಣು ಗೋಡೆಯ ಮೇಲಿತ್ತು. ನನ್ನ ಸಂಭ್ರಮದಲ್ಲಿ ನಾನು ಅದನ್ನು ಕಂಡೂ ಕಾಣಲಿಲ್ಲ. ಯೆರೆವಾನಿನ ನಾಯಿಗೂ ಹಡಗಿಗೂ ಬೇರು ಹುಡುಕುತ್ತಿದ್ದವಳಿಗೆ ಪಕ್ಕದ ಕೋಣೆ ದೂರವಾಗಿತ್ತು.

ಇಪ್ಪತ್ತೆರಡನೇ ದಿನ. ಆಕೆ ನನಗೆ ಪರೀಕ್ಷೆ ಇಟ್ಟರು. "ಹರ್ತ್ಸ್. ನೀನೇ ಹೇಳು, ಸಂಸ್ಕೃತದ ಅಕ್ಕ ಯಾರು?" ಹ ತೆಗೆದು ಪ ಇಟ್ಟು ನೋಡಿದೆ. "ಪ್ರಶ್ನ?" ಎಂದೆ. ಆಕೆ ಚಪ್ಪಾಳೆ ತಟ್ಟಿದರು. ಹರ್ತ್ಸ್ ಎಂದರೆ ಪ್ರಶ್ನೆಯೇ. ನಂತರ ಅದೇ ಪುಟದ ಹತ್ತಿರದ ಇನ್ನೊಂದು ಮಾತಿನ ಮೇಲೆ ಬೆರಳಿಟ್ಟರು. ಹರ್ಸ್. ಎಂದರೆ ಮದುಮಗಳು, ಸೊಸೆ. ಈಗ ನು ಎನ್ನುವವರು ಕಡಿಮೆ, ಹರ್ಸ್ ಎನ್ನುವವರೇ ಎಲ್ಲ. ಅದರ ಬೇರೂ ಕೇಳುವುದರಲ್ಲೇ ಇದೆ ಎಂದು ಬಲ್ಲವರು ಹೇಳುತ್ತಾರಂತೆ. ಹರ್ಸ್, ಕೇಳಿ ತಂದವಳು.

"ಅಯ್ಯೋ, ನಮ್ಮಲ್ಲೂ ಹೆಣ್ಣು ಕೇಳೋಕೆ ಹೋಗೋದು ಅಂತಾನೇ ಹೇಳ್ತೀವಿ!" ಎಂದು ನಾನು ಕುಣಿದಾಡಿದೆ. ನಮ್ಮ ಮಾವನವರು ಎರಡು ಸಲ ಬಂದು ನನ್ನನ್ನು ಕೇಳಿದ್ದನ್ನೂ ಹೇಳಿದೆ.

ಆಕೆ ನಗಲಿಲ್ಲ. ನಮ್ಮ ಮನೆಯ ಬಾಗಿಲ ಕಡೆ ನೋಡಿ, "ನಿನ್ನ ಮಗಳು ಏನು ಹೇಳುತ್ತಾಳೆ?" ಎಂದು ಕೇಳಿದರು.

"ಏನೂ ಹೇಳಲ್ಲ. ತುಂಬಾ ಶಾಂತ. ಮಾತು ಬೆಳ್ಳಿ, ಮೌನ ಬಂಗಾರ," ಎಂದೆ.

ಆಕೆ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿದರು. ಆಮೇಲೆ, ಸಿಕ್ಕಿದ ಇಂಗ್ಲಿಷ್ ಮಾತುಗಳನ್ನೆಲ್ಲ ಪೋಣಿಸಿಕೊಂಡು, ಕೈಯಿಂದ ತೋರಿಸುತ್ತ ಒಂದು ವಿಷಯ ಹೇಳಿದರು. ಅವರ ಹಳ್ಳಿಗಳಲ್ಲಿ ಹಿಂದೆ ಹೊಸ ಸೊಸೆ ಅತ್ತೆ ಮಾವನ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಒಂದು ದಿನ, ಎರಡು ದಿನವಲ್ಲ, ವರ್ಷಗಟ್ಟಲೆ. ಕೈಸನ್ನೆಯಲ್ಲೇ ಎಲ್ಲ. ಆ ಸನ್ನೆಗಳಿಗೆ ಒಂದು ಹೆಸರೂ ಇತ್ತು, ಹರ್ಸ್‌ನೆರೆನ್, ಸೊಸೆಯ ಭಾಷೆ. ಆಕೆ ಕೆಲವನ್ನು ಮಾಡಿ ತೋರಿಸಿದರು: ಹಿಟ್ಟು ನಾದುವುದಕ್ಕೆ ಒಂದು, ಉಪ್ಪಿಗೆ ಒಂದು, ಹಸುವಿಗೆ ಒಂದು. ಅಜ್ಜಿಯಿಂದ ಕಲಿತದ್ದಂತೆ. ಎಷ್ಟು ಚೆಂದವಾಗಿತ್ತೆಂದರೆ ನಾನೂ ಬೆರಳು ಆಡಿಸಿ ಕಲಿಯತೊಡಗಿದೆ.

"ನನ್ನ ಅಜ್ಜಿ ತಾತನಿಗೆ ಎರಡನೇ ಹೆಂಡತಿ," ಎಂದರು ಆಕೆ. "ಮೊದಲನೆಯವಳು ಮಗು ಹೆತ್ತು ನಲವತ್ತು ದಿನ ತುಂಬುವ ಮೊದಲೇ ನದಿಗೆ ಹೋದಳು. ವಾಪಸು ಬರಲಿಲ್ಲ. ಎಷ್ಟು ಒಳ್ಳೆಯ ಹುಡುಗಿ, ಒಂದು ದನಿಯಿಲ್ಲ ಅಂತ ಊರೆಲ್ಲ ಹೊಗಳುತ್ತಿತ್ತಂತೆ. ನೀರು ಬೇಕು ಅನ್ನೋಕೆ ಅವಳಿಗೆ ಸನ್ನೆ ಇತ್ತು. ಬದುಕು ಬೇಡ ಅನ್ನೋಕೆ ಸನ್ನೆ ಇರಲಿಲ್ಲ. ಕೇಳಿ ತಂದರು. ತಂದ ಮೇಲೆ ಯಾರೂ ಏನೂ ಕೇಳಲಿಲ್ಲ."

ನನ್ನ ಬೆರಳುಗಳು ಉಪ್ಪಿನ ಸನ್ನೆಯಲ್ಲೇ ನಿಂತುಬಿಟ್ಟವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಾನು ಹೆತ್ತ ತಾಯಿಯಾಗಿಯೂ ಅತ್ತೆಯ ಕಾಲವನ್ನೇ ನಡೆಸುತ್ತಿದ್ದೆ. ಇಷ್ಟು ಸಾವಿರ ವರ್ಷ ಒಂದು ಮಾತು ಉಳಿದದ್ದಕ್ಕೆ ಬೆರಗಾಗಿದ್ದೆನಲ್ಲ, ಆ ಮಾತಿನ ಜೊತೆ ಅದರ ಬಾಯಿಗೆ ಅಡ್ಡವಿಟ್ಟ ಕೈಯೂ ಅಷ್ಟೇ ಕಾಲ ಉಳಿದು ಬಂದಿತ್ತು. ಆ ಕೈ ಈಗ ನನ್ನದಾಗಿತ್ತು. ಭಯವಾಯಿತು. ಆಕೆಗೆ ಏನೂ ಹೇಳದೆ ಎದ್ದು ಒಳಗೆ ಹೋದೆ.

ಕೋಣೆಯಲ್ಲಿ ಮಗಳು ಎಚ್ಚರವಾಗಿಯೇ ಮಲಗಿದ್ದಳು. ಪರದೆ ಸರಿಸಿದೆ. ಬಿಸಿಲು ಹಾಸಿಗೆಯ ಮೇಲೆ ಬಿತ್ತು. ಅವಳ ಕಿವಿಯ ಹತ್ತಿ ತೆಗೆದೆ. ಅವಳ ಪಕ್ಕದಲ್ಲಿ ಕೂತು, ಇಪ್ಪತ್ತೆರಡು ದಿನದಲ್ಲಿ ಒಂದು ಸಲವೂ ಕೇಳದಿದ್ದುದನ್ನು ಕೇಳಿದೆ.

"ನಿಂಗೆ ಏನಾಗ್ತಿದೆ ಪುಟ್ಟ?"

ಊಟ ತಂದಾಗ ಹೇಳುವ ಸಾಕು ಎನ್ನುತ್ತಾಳೇನೋ ಎಂದುಕೊಂಡೆ.

"ಈ ಮಗು ಕಂಡ್ರೆ ನಂಗೇನೂ ಅನ್ಸಲ್ಲಮ್ಮ," ಎಂದಳು. "ಯಾರ್ದೋ ಮಗೂನ ಬೇಬಿಸಿಟ್ ಮಾಡ್ತಿರೋ ಥರ ಇದೆ. ನಾನಿಲ್ದೇ ಇದ್ರೆ ಎಲ್ರಿಗೂ ಈಸಿ ಆಗುತ್ತೆ ಅನ್ಸುತ್ತೆ. ಬಾಲ್ಕನಿ ಡೋರ್ ಲಾಕ್ ಮಾಡಿಡು ಅಮ್ಮ. ಪ್ಲೀಸ್. ನಂಗೆ ಭಯ ಆಗುತ್ತೆ."

ಮೂರನೇ ಮಹಡಿಯ ಮನೆ ಅದು. ನಾನು ಹೋಗಿ ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿ ಬಂದೆ. ಎಳೆದು ನೋಡಿ ಗಟ್ಟಿ ಮಾಡಿಕೊಂಡೆ. ಅಳಿಯನಿಗೆ ಆಫೀಸಿಗೆ ಫೋನ್ ಮಾಡಿ, "ನೀವು ಅವತ್ತು ಹೇಳಿದ್ದು ಸರಿ. ಈಗಲೇ ಬನ್ನಿ," ಎಂದೆ. ನನ್ನ ಬಾಯಲ್ಲಿ ಅಂಥ ಮಾತು ಅವರು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಮನೆಯಲ್ಲಿದ್ದರು.

ನಲವತ್ತು ದಿನ ತುಂಬಲು ಇನ್ನೂ ಹದಿನೆಂಟು ದಿನ ಇದ್ದಾಗ ಬಾಣಂತಿ ಹೊಸ್ತಿಲು ದಾಟಿದಳು. ದಾಟಿಸಿದವಳು ನಾನೇ. ಎದುರು ಮನೆಯ ಟೀಚರು ತಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ತ್ಸಾವ್ದ್ ತಾನೆಮ್," ಎಂದರು. ಆ ಮಾತನ್ನು ಅವರು ಮಗುವಿಗೂ ಹೇಳುತ್ತಿದ್ದರು, ಟಪಾಲು ತರುವವನಿಗೂ ಹೇಳುತ್ತಿದ್ದರು. ನಾನು ಅದನ್ನು ಬರೀ ಮುದ್ದಿನ ಮಾತೆಂದುಕೊಂಡು ಅರ್ಥ ಕೇಳಿರಲಿಲ್ಲ. ಕಾರಿನಲ್ಲಿ ಕೂರುವ ಮುನ್ನ ಕೇಳಿದೆ. ತ್ಸಾವ್ ಅಂದರೆ ನೋವು. ನಿನ್ನ ನೋವನ್ನು ನಾನು ಹೊತ್ತುಕೊಂಡು ಹೋಗುತ್ತೇನೆ.

ವೈದ್ಯೆ ಗಾಬರಿಪಡಲಿಲ್ಲ, ಬೈಯಲೂ ಇಲ್ಲ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಇದು ಕಾಯಿಲೆ, ಇದಕ್ಕೆ ಔಷಧಿಯಿದೆ, ಒಂಟಿಯಾಗಿ ಬಿಡಬೇಡಿ, ಮಾತಾಡಿಸಿ ಎಂದರು. ಯಾವಾಗಿನಿಂದ ಹೀಗಿದ್ದಾಳೆ ಎಂದು ಅಳಿಯನನ್ನು ಕೇಳಿದರು. ಅವರು ನನ್ನ ಮುಖ ನೋಡಿದರು. "ಆರನೇ ದಿನದಿಂದ. ಅಳಬೇಡ ಅಂತ ಹೇಳಿದವಳು ನಾನು," ಎಂದು ನನ್ನ ಇಂಗ್ಲಿಷಿನಲ್ಲಿ ನಾನೇ ಹೇಳಿದೆ. ವ್ಯಾಕರಣ ತಪ್ಪಿತೋ ಏನೋ ಗೊತ್ತಿಲ್ಲ, ಅವರಿಗೆ ಅರ್ಥವಾಯಿತು.

ಔಷಧಿ ಕೂಡಲೇ ಕೆಲಸ ಮಾಡುವಂಥದ್ದಲ್ಲ. ವಾರ ಕಳೆಯಿತು. ಒಂದು ಬೆಳಿಗ್ಗೆ ಮಗುವಿಗೆ ನೀರೆರೆದು ಬಟ್ಟೆ ಸುತ್ತುತ್ತಿದ್ದೆ. ಮಗಳು ಮಂಚದ ಮೇಲೆ ಮೊಣಕಾಲು ಮಡಚಿ ಕೂತು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ನಾನು ಹುಟ್ಟಿದಾಗ ನಿಂಗೇನನ್ಸ್ತಮ್ಮ?"

ತಾಯಂದಿರು ಇದಕ್ಕೆ ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತು. ನಾನೂ ಅದನ್ನೇ ಹೇಳಬಹುದಿತ್ತು, ನಾಲಗೆಯ ತುದಿಗೂ ಬಂದಿತ್ತು. ಅವಳ ಮುಖ ನೋಡಿದೆ. ಸುಳ್ಳು ಹೇಳಿದರೆ ಅವಳು ಮತ್ತೆ ಒಬ್ಬಳೇ ಆಗುತ್ತಾಳೆ ಎನ್ನಿಸಿತು.

"ಏನೂ ಅನ್ನಿಸಲಿಲ್ಲ," ಎಂದೆ.

ನಾನು ಮುಂದುವರಿಸಿದೆ. ನನ್ನ ತಾಯಿ ತೀರಿಕೊಂಡಿದ್ದರಿಂದ ನನ್ನ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಅತ್ತೆ ಕೆಟ್ಟವರಲ್ಲ. ಆದರೆ ನಾನು ಅತ್ತಾಗ ಹಾಲು ಬತ್ತುತ್ತೆ ಎಂದರು, ನಿಲ್ಲಿಸಿದೆ. ನಿನಗೆ ಗಡಿಯಾರ ನೋಡಿ ಹಾಲು ಕೊಡುತ್ತಿದ್ದೆ, ನೀನು ಅತ್ತರೆ ಪಕ್ಕದ ಮನೆ ಮಗು ಅತ್ತಂತಿರುತ್ತಿತ್ತು. ಒಂದು ದಿನ ಹಿತ್ತಲಿನ ಬಾವಿಕಟ್ಟೆ ಹತ್ತಿ ನಿಂತಿದ್ದೆ. ನೀನು ಒಳಗೆ ಅಳತೊಡಗಿದೆ, ನಿನ್ನಜ್ಜಿ ಕೂಗಿ ಕರೆದರು, ಇಳಿದು ಬಂದೆ. ಇಷ್ಟನ್ನೂ ನಿನ್ನಪ್ಪನಿಗೆ ಕೂಡ ಹೇಳಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಗುವಿಗೆ ಬಟ್ಟೆ ಸುತ್ತುವುದನ್ನು ನಾನು ಮರೆತೇಬಿಟ್ಟಿದ್ದೆ. ಅದು ಕಾಲು ಒದೆಯುತ್ತಿತ್ತು.

"ಆಮೇಲೆ ಯಾವಾಗ ಸರಿಹೋಯ್ತು?" ಮಗಳ ದನಿ ಒಡೆದಿತ್ತು.

"ದಿನ ನೆನಪಿಲ್ಲ ಕಣೇ. ಎರಡು ಮೂರು ತಿಂಗಳು ಆಗಿರಬೇಕು. ಒಂದು ಸಲ ನಿನಗೆ ಜ್ವರ ಬಂತು. ಆಗ ಗೊತ್ತಾಯ್ತು, ನೀನು ನನ್ನವಳು ಅಂತ."

ಅವಳು ಅತ್ತಳು, ಬಾಯಿಬಿಟ್ಟು, ಜೋರಾಗಿ, ಆರನೇ ದಿನದಿಂದ ಕೂಡಿಟ್ಟದ್ದನ್ನೆಲ್ಲ. ನಾನು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಮಂಚದಿಂದ ಇಳಿದು ನನ್ನ ಪಕ್ಕ ನೆಲದ ಮೇಲೆ ಬಂದು ಕೂತಳು.

"ಬಾವಿ ಹತ್ರ ನಿಂತಾಗ ಏನ್ ಯೋಚ್ನೆ ಮಾಡ್ತಿದ್ದೆ?" ಎಂದಳು. "ಎಲ್ಲಾ ಹೇಳು."

ಹೇಳಿದೆ. ಅಳಿಯ ಊಟಕ್ಕೆ ಬರುವ ತನಕವೂ ಹೇಳುತ್ತಲೇ ಇದ್ದೆ.